ಹ್ಯಾಲ್ಡನ್ ವಾರ್ಡಿಗಾಗಿ ಎತ್ತಿಸಿದ ಭಂಡಾರ

ಜಮಖಂಡಿ
೨೪ ಏಪ್ರಿಲ್ ೨೦೨೬, ಶುಕ್ರವಾರ

ಉಮಾಶ್ರೀ,

ಮೊದಲು ಚಿ. ಸೌ. ಎಂದು ಶುರುಮಾಡಿ ಹಾಳೆ ಹರಿದೆ. ಪ್ರಿಯ ಎಂದು ಬರೆದು ಅದನ್ನೂ ಹರಿದೆ. ಆರು ವರ್ಷದಿಂದ ಮಾತು ಬಿಟ್ಟ ಹೆಂಡತಿಯನ್ನು ಕಾಗದದಲ್ಲಿ ಏನೆಂದು ಕರೆಯಬೇಕು ಎಂದು ನನಗೆ ಯಾರೂ ಹೇಳಿಕೊಟ್ಟಿಲ್ಲ. ಹೆಸರೇ ಸಾಕು. ನೀನು ಮತ್ತು ಮಗಳು ಶೀತಲ ಆರಾಮ ಇದ್ದೀರಿ ಎಂದು ನಿನ್ನ ಅವ್ವ ತಂಗೆವ್ವನಿಂದ ಆಗಾಗ ಕೇಳುತ್ತಿರುತ್ತೇನೆ. ನಾನೂ ಆರಾಮವೇ. ನೆಮ್ಮದಿಯಿಂದ ಇಲ್ಲ, ಅದು ಬೇರೆ ಮಾತು.

ನೀನು ನನ್ನ ನಂಬರು ಬ್ಲಾಕ್ ಮಾಡಿದ್ದರಿಂದ ಈ ಕಾಗದ. ರಬಕವಿಯ ಕೆಂಪವ್ವನವರು ಸೊಸೆಯ ಬಾಣಂತನಕ್ಕೆಂದು ಸೋಮವಾರ ಇಂಗ್ಲೆಂಡಿನ ವಿಮಾನ ಹತ್ತುತ್ತಾರೆ. ಅವರ ಮಗ ಯುವರಾಜ ನಿಮ್ಮ ಓಣಿಯ ಹತ್ತಿರವೇ ಇದ್ದಾನಲ್ಲ, ಅವನ ಕೈಯಿಂದ ಇದು ನಿನಗೆ ಮುಟ್ಟುತ್ತದೆ. ದಯವಿಟ್ಟು ಓದದೆ ಹರಿಯಬೇಡ. ಇದು ನಮ್ಮಿಬ್ಬರ ಜಗಳದ ಕಾಗದವಲ್ಲ, ನಿನ್ನ ಚುನಾವಣೆಯ ಕಾಗದ. ನಾನು ಮಾಡಿದ ಒಂದು ಕೆಲಸದಿಂದ ನೀನು ಗೆದ್ದರೂ ಸೀಟು ಕಳೆದುಕೊಳ್ಳಬಹುದು. ಬೇರೆಯವರು ಹೇಳುವ ಮೊದಲು ಅದನ್ನು ನಾನೇ ಹೇಳಬೇಕೆಂದು ಕೂತಿದ್ದೇನೆ.

ನೀನು ಹ್ಯಾಲ್ಡನ್ ಊರಿನ ಕೌನ್ಸಿಲ್ಲಿಗೆ, ಅಂದರೆ ಅಲ್ಲಿಯ ನಗರಸಭೆಗೆ, ನಿಂತ ಸುದ್ದಿ ನನಗೆ ಸಿಕ್ಕಿದ್ದು ಬಸ್ ನಿಲ್ದಾಣದ ಎದುರಿನ ಚಹದಂಗಡಿಯಲ್ಲಿ. ಅಂಗಡಿಯ ಸಂಜು ಮೊಬೈಲನ್ನು ನನ್ನ ಮುಖಕ್ಕೆ ಹಿಡಿದು, "ಅಣ್ಣಾರ, ವೈನಿಯವ್ರು ಇಂಗ್ಲೆಂಡಿನ್ಯಾಗ ಎಲೆಕ್ಷನ್‌ಕ ನಿಂತಾರಲ್ರಿ, ಪ್ರಚಾರಕ್ಕ ಯಾವಾಗ ಹೊಂಟೀರಿ?" ಎಂದ. ಫೋಟೊದಲ್ಲಿ ನೀನು ನೀಲಿ ಕೋಟು ಹಾಕಿದ್ದೀ, ಕೂದಲು ಗಿಡ್ಡ ಮಾಡಿಸಿದ್ದೀ. ನಾಲ್ಕು ಜನ ನನ್ನನ್ನೇ ನೋಡುತ್ತಿದ್ದರು. ಮುಂದಿನ ವಾರ ಹೊರಡುತ್ತೇನೆ ಎಂದು ಗಂಭೀರವಾಗಿ ಹೇಳಿ, ಚಹ ಅರ್ಧಕ್ಕೇ ಬಿಟ್ಟು ಎದ್ದು ಬಂದೆ. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡೇ ಅಲ್ಲಿ ಖಾಯಂ ನೆಲೆಸಿದವರು ಚುನಾವಣೆಗೆ ನಿಲ್ಲಬಹುದು ಎಂಬುದನ್ನು ನಂಬಲಾಗದೆ ವಕೀಲ ಅಜಯನ ಹತ್ತಿರ ಹೋಗಿ ಖಚಿತ ಮಾಡಿಕೊಂಡೆ.

ಅವತ್ತಿನಿಂದ ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ನಮ್ಮ ಬಿಡಿಭಾಗದ ಅಂಗಡಿಯಲ್ಲಿ ಟ್ರ್ಯಾಕ್ಟರಿನ ಬೇರಿಂಗ್ ಕೇಳಿದವರಿಗೆ ಫಿಲ್ಟರ್ ಕಟ್ಟಿಕೊಟ್ಟು ಬೈಸಿಕೊಂಡಿದ್ದೇನೆ. ಅಜಯ ನಿನ್ನದೊಂದು ವಿಡಿಯೋ ಹುಡುಕಿ ಕೊಟ್ಟ. ಶಾಲೆಯ ಸಭಾಂಗಣದಂಥ ಜಾಗ, ಅಭ್ಯರ್ಥಿಗಳೆಲ್ಲ ಸಾಲಾಗಿ ಕೂತಿದ್ದೀರಿ. ಸಂಜೆಯಾದ ಮೇಲೆ ಆಸ್ಪತ್ರೆಯ ಕಡೆಗೆ ಬಸ್ಸು ನಿಲ್ಲಿಸಿಬಿಟ್ಟಿದ್ದಾರೆ, ಪಾಳಿ ಮುಗಿಸಿದ ನರ್ಸುಗಳು ಕತ್ತಲಲ್ಲಿ ನಡೆದು ಮನೆಗೆ ಹೋಗುತ್ತಾರೆ ಎಂದು ನೀನು ಹೇಳುತ್ತಿದ್ದೀ. ಇಂಗ್ಲಿಷ್ ನನಗೆ ಪೂರ್ತಿ ತಿಳಿಯಲಿಲ್ಲ, ಅಜಯ ಬಿಡಿಸಿ ಹೇಳಿದ. ಇಲ್ಲಿ ನೀನು ವಾರ್ಡಿನ ಸದಸ್ಯೆಯಾಗಿದ್ದಾಗ, ನಿನ್ನ ಧ್ವನಿ ಸಣ್ಣದು, ಜನಕ್ಕೆ ಕೇಳಿಸುವುದಿಲ್ಲ ಎಂದು ನಾನೇ ಎದ್ದು ಮಾತಾಡುತ್ತಿದ್ದೆ. ಮಹಿಳಾ ಮೀಸಲು ಸೀಟಿನಲ್ಲಿ ಹೆಂಡತಿ ಗೆದ್ದ ಗಂಡಂದಿರು ಹಾಗೆ ಮಾಡುವುದು ಹೊಸದೇನಲ್ಲ, ನಾನೊಬ್ಬನೇ ಅಲ್ಲ. ಆದರೆ ಆ ವಿಡಿಯೋದಲ್ಲಿ ಕೊನೆಯ ಸಾಲಿನ ಮುದುಕನೊಬ್ಬ ನಿನ್ನ ಮಾತು ಕೇಳುತ್ತ ತಲೆಯಾಡಿಸುತ್ತಿದ್ದ. ನನಗೆ ಹೆಮ್ಮೆಯಾಯಿತು. ಹೊಟ್ಟೆಯುರಿಯೂ ಆಯಿತು. ಎರಡನ್ನೂ ಒಟ್ಟಿಗೆ ಇಟ್ಟುಕೊಂಡು ಮನೆಯಲ್ಲಿ ಕೂರಲಾಗದೆ ಊರೆಲ್ಲ ತಿರುಗಿದೆ.

ಹೋದ ಸಲ ನಿಮ್ಮ ವಾರ್ಡಿನಲ್ಲಿ ಗೆದ್ದವರು ಬೆರಳೆಣಿಕೆಯ ಓಟಿನಿಂದ ಗೆದ್ದಿದ್ದರು ಎಂದು ಅಜಯನೇ ಹೇಳಿದ್ದು. ನನಗೆ ಅಷ್ಟು ಸಾಕಾಯಿತು. ನಮ್ಮ ಕಡೆಯ ಎಷ್ಟೋ ಮನೆಗಳು ಆ ವಾರ್ಡಿನಲ್ಲಿವೆ. ನೀನು ದಾರಿ ತೋರಿಸಿದ ಮೇಲೆ ನಿನ್ನ ಹಿಂದೆಯೇ ಅಲ್ಲಿಗೆ ಬಂದ ನರ್ಸುಗಳು, ವೃದ್ಧಾಶ್ರಮಗಳಲ್ಲಿ ಕೆಲಸಕ್ಕಿರುವವರು, ಲ್ಯಾಬಿನಲ್ಲಿರುವ ಯುವರಾಜ. ಅವರು ಅಲ್ಲಿದ್ದರೇನು, ಅವರ ಅಪ್ಪ ಅವ್ವ ಇಲ್ಲೇ ಇದ್ದಾರಲ್ಲ. ನಿಮ್ಮಲ್ಲಿ ಮೈಕಿಲ್ಲ, ಮೆರವಣಿಗೆಯಿಲ್ಲ, ಬಾಗಿಲ ಸಂದಿಯಲ್ಲಿ ಕಾಗದ ತೂರಿಸಿ ಬರುವುದೇ ಪ್ರಚಾರವಂತೆ. ಅದರಿಂದ ಯಾರ ಮನಸ್ಸು ತಿರುಗುತ್ತದೆ ಎಂದುಕೊಂಡೆ. ನನಗೆ ಗೊತ್ತಿರುವ ರೀತಿಯಲ್ಲಿ ನಾನು ಹೊರಟೆ.

ಬೀರದೇವರ ಗುಡಿಯಿಂದ ಭಂಡಾರ ಕಟ್ಟಿಸಿಕೊಂಡು, ಬೈಕು ಹತ್ತಿ, ಸಮೀರವಾಡಿ, ಹುನ್ನೂರ, ರಬಕವಿ ಎಲ್ಲ ಸುತ್ತಿದೆ. ಮನೆಮನೆಯಲ್ಲೂ ಚಹ ಕುಡಿದು, ಮೊಮ್ಮಕ್ಕಳ ಫೋಟೊ ನೋಡಿ, ಕೊನೆಗೆ ಪೊಟ್ಟಣ ಬಿಚ್ಚಿ ಮುಂದಿಟ್ಟೆ. ಆ ಅರಿಶಿನದ ಪುಡಿಯನ್ನು ಅಂಗೈಯಲ್ಲಿ ಎತ್ತಿ ಕೊಟ್ಟ ಮಾತನ್ನು ನಮ್ಮ ಕಡೆಯವರು ಮೀರುವುದಿಲ್ಲ ಎಂಬುದು ನಿನಗೂ ಗೊತ್ತು. ನಮ್ಮ ಮಕ್ಕಳ ಓಟು ಉಮಾಶ್ರೀಗೇ ಎಂದು ಒಬ್ಬೊಬ್ಬರಿಂದಲೂ ಎತ್ತಿಸಿದೆ. ಸಮೀರವಾಡಿಯ ಕಾಮಣ್ಣ, ಸಕ್ಕರೆ ಕಾರ್ಖಾನೆಯಿಂದ ನಿವೃತ್ತನಾದವನು, "ಮಗಳ ಓಟು ಮಗಳದು, ನಾ ಹೆಂಗ ಎತ್ಲಿ?" ಎಂದು ಹಿಂದೇಟು ಹಾಕಿದ. ಮಗಳಿಗೆ ಅಲ್ಲಿಯ ಕೆಲಸದ ದಾರಿ ತೋರಿಸಿದವರು ಯಾರು ಎಂದು ಕೇಳಿದೆ. ಆಗ ಎತ್ತಿದ. ಕೆಂಪವ್ವನವರು ಬೀರದೇವರ ಒಕ್ಕಲಲ್ಲದಿದ್ದರೂ ದೇವರು ದೇವರೇ ಅಲ್ಲವೇನ್ರಿ ಎಂದು ಹಣೆಗೆ ಹಚ್ಚಿಕೊಂಡು ಎತ್ತಿದರು. ಫಲಿತಾಂಶವೇ ಬಂದಂತೆ ಮೀಸೆ ತೀಡಿಕೊಂಡು ಮನೆಗೆ ಬಂದೆ.

ಇಷ್ಟು ಬರೆದು ಎದ್ದು ಹೋಗಿ ಅಂಗಳದಲ್ಲಿ ಓಡಾಡಿ ಬಂದೆ. ಮುಂದಿನದನ್ನು ಬರೆಯಲು ಕೈ ಬರುತ್ತಿಲ್ಲ, ಆದರೂ ಬರೆಯುತ್ತೇನೆ.

ಆ ಖುಷಿ ಬಹಳ ದಿನ ಉಳಿಯಲಿಲ್ಲ. ಯುವರಾಜ ಫೋನ್ ಮಾಡಿದ. ಅವನು ನಿನ್ನ ಎದುರಾಳಿಯ ಪರವಾಗಿ ಮನೆಮನೆ ತಿರುಗುತ್ತಿದ್ದಾನೆ ಎಂಬುದು ನನಗೆ ಆಗಲೇ ಗೊತ್ತಾದದ್ದು. "ಅಣ್ಣಾರ, ನಮ್ಮವ್ವ ಮೂರು ಹೊತ್ತೂ ಫೋನ್ ಹಚ್ಚಿ ಅಳಾಕತ್ತಾಳ್ರಿ. ಉಮಕ್ಕಗ ಓಟು ಹಾಕ್ಲಿಲ್ಲಂದ್ರ ಹುಟ್ಟೂ ಕೂಸಿಗೆ ಏನಾರ ಆದೀತು ಅಂತಾಳ. ಅದನ್ನ ನನ್ನ ಹೇಣ್ತಿ ಮುಂದೂ ಹೇಳ್ಯಾಳ. ಅಕಿ ಉಣ್ಣೂದು ಬಿಟ್ಟಾಳ್ರಿ. ಇದು ಪ್ರಚಾರೇನ್ರಿ?" ಎಂದ. ಉಮಾ, ಖರೆ ಹೇಳುತ್ತೇನೆ, ಹೊಟ್ಟೆಯಲ್ಲಿರುವ ಕೂಸಿನವರೆಗೆ ಇದು ಹೋಗುತ್ತದೆ ಎಂದು ನಾನು ಎಣಿಸಿರಲಿಲ್ಲ.

ದೇವರ ಹೆಸರಿನಲ್ಲಿ ಹೆದರಿಸಿ ಓಟು ಕೇಳುವುದು ಅಲ್ಲಿ ಅಪರಾಧವಂತೆ, ಅವನೇ ಹೇಳಿದ. ಅಭ್ಯರ್ಥಿಗೆ ಗೊತ್ತಿದ್ದು ನಡೆದದ್ದಾದರೆ ಗೆದ್ದ ಸೀಟೂ ಹೋಗಬಹುದಂತೆ. ಇಲ್ಲಿಯೂ ಅಪರಾಧವೇ ಎಂದು ಅಜಯ ಆಮೇಲೆ ಹೇಳಿದ. ಇಷ್ಟು ಚುನಾವಣೆ ಮಾಡಿದರೂ ನಾನು ಅದನ್ನು ಕಿವಿಗೆ ಹಾಕಿಕೊಂಡಿರಲಿಲ್ಲ. ಯುವರಾಜ ಸಭ್ಯ ಮನುಷ್ಯ. "ಉಮಕ್ಕಗ ಇದು ಗೊತ್ತಿಲ್ಲಂತ ನನಗ ಖಾತ್ರಿ ಐತಿ. ಅವ್ವ ಇಲ್ಲಿಗೆ ಬರೂದ್ರೊಳಗ ಎಲ್ಲಾರ ಆಣಿ ಇಳಸ್ರಿ. ಇಲ್ಲಂದ್ರ ನಾ ಎಲೆಕ್ಷನ್ ಆಫೀಸಿಗೆ ಹೋಗಿ ಹೇಳಾಂವ" ಎಂದು ಫೋನ್ ಇಟ್ಟ.

ಎತ್ತಿಸಿದ್ದನ್ನು ಇಳಿಸುವುದು ಹೇಗೆ ಎಂದು ನನಗೆ ತಿಳಿದಿರಲಿಲ್ಲ. ಗುಡಿಯ ಪೂಜಾರಿ ಪಾಂಡಪ್ಪನ ಹತ್ತಿರ ಹೋದೆ. ಬೇರೆ ಯಾರನ್ನಾದರೂ ಕಳಿಸಬಹುದೇ ಎಂದು ಕೇಳಿದ್ದಕ್ಕೆ ಮುದುಕ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಎತ್ತಿಸಿದಾಂವನ ಹೋಗಿ ಇಳಸಬೇಕು. ಬರಿಗಾಲಿಲೆ ಹೋಗು" ಎಂದ. ಪ್ರತಿ ಮನೆಗೂ ಹೋಗಿ, ಅವರ ಅಂಗೈಯಿಂದ ಭಂಡಾರವನ್ನು ನನ್ನ ಅಂಗೈಗೆ ಇಸಿದುಕೊಂಡು, ನನ್ನ ತಲೆಯ ಮೇಲೆ ಹಾಕಿಕೊಂಡು, ಮನೆಮಂದಿಯ ಮುಂದೆ ಹೇಳಬೇಕಂತೆ: ಆಣೆ ನನ್ನ ತಲೆಗೆ ಬಂತು, ನಿಮ್ಮ ಮಕ್ಕಳು ಯಾರಿಗೆ ಬೇಕೋ ಅವರಿಗೆ ಓಟು ಹಾಕಲಿ. ಈ ಏಪ್ರಿಲ್ ಬಿಸಿಲಿನಲ್ಲಿ, ಊರ ಹೊರಗೆ ಬೈಕು ನಿಲ್ಲಿಸಿ, ಚಪ್ಪಲಿ ಪಕ್ಕದ ಚೀಲಕ್ಕೆ ಹಾಕಿ, ಡಾಂಬರು ರಸ್ತೆಯಲ್ಲಿ ಕುಣಿಯುತ್ತ ಹೋಗಿದ್ದೇನೆ. ನೀನು ನೋಡಿದ್ದರೆ ನಕ್ಕುಬಿಡುತ್ತಿದ್ದೆ.

ಕಾಮಣ್ಣ ನನ್ನನ್ನು ಸುಲಭಕ್ಕೆ ಬಿಡಲಿಲ್ಲ. ಮಗಳಿಗೆ ವಿಡಿಯೋ ಕಾಲ್ ಹಚ್ಚಿ, ಫೋನನ್ನು ನನ್ನ ಬಾಯಿಗೆ ಹಿಡಿದ. ನಾನು ಹೇಳಿದೆ. "ಇನ್ನೊಮ್ಮೆ ಹೇಳ್ರಿ, ನಿಮ್ಮ ದನಿ ಅಕಿಗೆ ಕೇಳಸ್ಲಿಲ್ಲ" ಎಂದ. ಇನ್ನೊಮ್ಮೆ, ಓಣಿಗೆಲ್ಲ ಕೇಳುವಂತೆ ಹೇಳಿದೆ. ಕೆಂಪವ್ವನವರು ಮಾತ್ರ ಅಳುವುದನ್ನು ನಿಲ್ಲಿಸಲಿಲ್ಲ. ನನ್ನ ತಲೆಗೆ ಬಂದದ್ದು ಖರೆಯೇನು, ಕೂಸಿಗೆ ಏನೂ ಆಗುವುದಿಲ್ಲವೇನು ಎಂದು ಮತ್ತೆ ಮತ್ತೆ ಕೇಳಿದರು. ಅವರ ಕಾಲು ಮುಟ್ಟಿ ಇಲ್ಲವೆಂದೆ. ಸೊಸೆಗೆ ಫೋನ್ ಮಾಡಿಸಿ ಅವಳಿಗೂ ಹೇಳಿದೆ. ಆ ಹುಡುಗಿ ಆತ್ರಿ ಎಂದಳು. ಆಮೇಲೆ ಕೆಂಪವ್ವನವರು ಮಜ್ಜಿಗೆ ಕೊಟ್ಟು ಈ ಕಾಗದ ತರಲು ಒಪ್ಪಿದರು.

ಕೊನೆಗೆ ಗಲಗಲಿಗೂ ಹೋದೆ. ನಿನ್ನ ಅವ್ವನಿಂದ ನಾನೇನೂ ಎತ್ತಿಸಿರಲಿಲ್ಲ, ಆದರೂ ಅವರಿಗೆ ಹೇಳದಿದ್ದರೆ ತಪ್ಪಾಗುತ್ತದೆ ಎನಿಸಿತು. ಕಟ್ಟೆಯ ಮೇಲೆ ಕೂತು ಶೇಂಗಾ ಒಡೆಯುತ್ತಿದ್ದರು. ಎಲ್ಲ ಕೇಳಿದರು. ಬೈಯಲಿಲ್ಲ. "ನನ್ನ ಮಗಳು ಗೆದ್ರ ನಿಮಗೇನ್ರಿ? ಸೋತ್ರ ನಿಮಗೇನ್ರಿ?" ಎಂದು ಅಷ್ಟೇ ಕೇಳಿದರು. ಎಲ್ಲದಕ್ಕೂ ಉತ್ತರವಿರುವವನು ನಾನು, ಅವತ್ತು ಬಾಯಿ ಬರಲಿಲ್ಲ. ಹೊಳೆಯ ದಂಡೆಯವರೆಗೆ ಹೋಗಿ ಬಂದೆ. ಅವರು ಶೀತಲಗೆಂದು ಶೇಂಗಾ ಕಟ್ಟಿಕೊಟ್ಟರು. ಅದೂ ಕೆಂಪವ್ವನವರ ಚೀಲದಲ್ಲಿದೆ.

ಈಗ ನೀನು ಮಾಡಬೇಕಾದದ್ದು. ಯುವರಾಜ ಸುಮ್ಮನಿದ್ದರೂ ನೀನು ಸುಮ್ಮನಿರಬೇಡ. ಈ ಕಾಗದವನ್ನು ನಿಮ್ಮ ಚುನಾವಣಾ ಕಚೇರಿಗೆ ನೀನೇ ಒಯ್ದು ಕೊಡು. ಶೀತಲ ಇಂಗ್ಲಿಷಿಗೆ ಮಾಡಿಕೊಡಲಿ, ಹೊಟ್ಟೆಯುರಿಯ ಸಾಲನ್ನು ಬೇಕಾದರೆ ಬಿಡಲಿ. ಭಂಡಾರ ಎತ್ತಿಸಿದವನು ನಾನು, ನಿನಗೆ ಇದರ ಗಂಧಗಾಳಿಯೂ ಗೊತ್ತಿರಲಿಲ್ಲ, ಎಲ್ಲವನ್ನೂ ನಾನೇ ಇಳಿಸಿದ್ದೇನೆ. ಯಾರು ಬಂದು ಕೇಳಿದರೂ ಇದನ್ನೇ ಹೇಳುತ್ತೇನೆ. ನನ್ನ ಮಾನ ಹೋಗುತ್ತದೆ ಎಂದು ಮುಚ್ಚಿಡಬೇಡ. ಅದು ಸಂಜುವಿನ ಚಹದಂಗಡಿಯಲ್ಲಿ ಈಗಾಗಲೇ ಹೋಗಿದೆ.

ನೀನು ಓಟಿಗಾಗಿ ಬಾಗಿಲು ತಟ್ಟಲು ಹೋದಾಗ ಏನು ಮಾತಾಡಬೇಕು ಎಂದು ಒಂದು ಪುಟ ಬರೆದಿದ್ದೆ. ಅದನ್ನು ಇದರೊಂದಿಗೆ ಇಡುತ್ತಿಲ್ಲ. ನಿನಗೆ ಗೊತ್ತಿದೆ.

ಇಂತಿ,
ಶಿವಪುತ್ರ ರೇವಪ್ಪ ಹುನ್ನೂರ
(ಕಚೇರಿಯವರಿಗೆ ಬೇಕಾದೀತೆಂದು ಪೂರ್ತಿ ಹೆಸರು)

ತಾ.ಕ.: ಈ ಚಿಕ್ಕ ಹಾಳೆ ಬೇರೆ. ಇದು ಕಚೇರಿಗಲ್ಲ, ಶೀತಲಗೂ ಅಲ್ಲ. ಎಲ್ಲರಿಂದ ನಿನ್ನ ಗೆಲುವಿಗೆ ಭಂಡಾರ ಎತ್ತಿಸಿ ಬಂದ ದಿನವೇ ವಾಪಸು ಗುಡಿಗೆ ಹೋಗಿ ನಾನೊಬ್ಬನೇ ಎತ್ತಿದೆ. ಉಮಾ ಸೋಲಲಿ ಎಂದು ಬೇಡಿಕೊಂಡೆ. ಸೋತರೆ ಆ ಊರು ಬೇಸರವಾಗಿ ಮನೆಗೆ ಬಂದಾಳು ಎಂದುಕೊಂಡೆ. ಗಲಗಲಿಯಲ್ಲಿ ಬಾಯಿ ಬರದೆ ಹೋದದ್ದು ಇದರಿಂದ. ಇವತ್ತು ಬೆಳಿಗ್ಗೆ ಪಾಂಡಪ್ಪನ ಮುಂದೆ ಅದನ್ನೂ ಇಳಿಸಿ ಬಂದು ಈ ಕಾಗದಕ್ಕೆ ಕೂತೆ. ಮುಗಿಸುವಾಗ ಗೆದ್ದು ಬಾ ಎಂದು ಬರೆದಿದ್ದೆ. ಬಾ ಎಂಬುದನ್ನು ಹೊಡೆದು ಹಾಕಿದ್ದೇನೆ. ಗೆಲ್ಲು.