ಹಳೇ ಜಿನ್ನಿನಲ್ಲಿ ಹಾಡಿನ ಪಾಳಿ

ಇಸವಿ ೨೨೧೯, ಹದಿಮೂರನೆಯ ತಿಂಗಳ ಎರಡನೆಯ ಸೋಮವಾರ

ಇನ್ನೂರು ವರ್ಷ ಹಿಂದಿನ ಮಾನ್ಯರೇ, ಸಾಮಾನ್ಯರೇ, ಮುಂದಿನ ಸಾಲಿನ ಗಣ್ಯರೇ, ಕುರ್ಚಿ ಸಿಗದೆ ಬಾಗಿಲಲ್ಲೇ ನಿಂತ ಅನ್ಯರೇ,

ನಮ್ಮ ಕಾಲದ ಮಾತು ನಿಮ್ಮ ಕಿವಿಗೆ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಬೇಕು. ಪ್ರಾಸವಿಲ್ಲದ ಪತ್ರವನ್ನು ಈಗ ಟಪಾಲಿನವರು ಮುಟ್ಟುವುದಿಲ್ಲ. ಹದಿಮೂರನೆಯ ತಿಂಗಳು ಎಲ್ಲಿಂದ ಬಂತು ಎನ್ನುತ್ತೀರಾ? ಕಚೇರಿಗಳ ಬಾಕಿ ಕಡತ ಮುಗಿಸಲು ಹನ್ನೆರಡು ಸಾಲಲಿಲ್ಲ.

ನಾನು ಬರೆಯುತ್ತಿರುವುದು ನಿಮ್ಮ ರೈಲು ನಿಲ್ದಾಣದ ಹಿಂದಿನ ಹಳೇ ಜಿನ್ನಿನೊಳಗೆ ಕೂತು. ಅರಳೆಯಿಂದ ಬೀಜ ಬಿಡಿಸುತ್ತಿದ್ದ ಅದೇ ಕಾರ್ಖಾನೆ. ಕೆಡವಬೇಕೋ ಉಳಿಸಬೇಕೋ ಎಂದು ಬರುವ ಸೋಮವಾರ ಹನ್ನೊಂದು ಗಂಟೆಗೆ ನಗರಸಭೆಯ ಮಹಡಿಯಲ್ಲಿ ನೀವು ಕೈ ಎತ್ತಲಿರುವ ಅದೇ ಕಟ್ಟಡ. ಅದು ಉಳಿಯಿತು. ಉಳಿದು ಬೆಳೆಯಿತು, ಬೆಳೆದು ಹೊಳೆಯಿತು.

ಅರಳೆ ಹರವುತ್ತಿದ್ದ ಅಂಗಳದಲ್ಲಿ ಈಗ ಬಯಲಾಟದವರು ಕಿರೀಟ ಒಣಗಿಸುತ್ತಾರೆ. ಅರಳೆಯನ್ನು ಒತ್ತಿ ಬೇಲು ಕಟ್ಟುತ್ತಿದ್ದ ಕೋಣೆಯಲ್ಲಿ ಚಿತ್ರಗಾರರು ಜಗಳವಾಡುತ್ತಾರೆ, ನಡುನಡುವೆ ಚಿತ್ರವನ್ನೂ ಬರೆಯುತ್ತಾರೆ. ಮಾಡಿಗೆ ಬೆಳಕುಹಂಚು ಹೊದಿಸಿದ್ದೇವೆ, ಅಂದರೆ ಹಗಲೆಲ್ಲ ಬಿಸಿಲು ಕುಡಿದು ಸಂಜೆಗೆ ಬೆಳಕು ಕೊಡುವ ಹಂಚು. ಮಳೆಗಾಲದಲ್ಲಿ ಸೋರುವುದನ್ನು ಮಾತ್ರ ಅದಿನ್ನೂ ಬಿಟ್ಟಿಲ್ಲ. ಎಲ್ಲೆಲ್ಲಿಂದಲೋ ಜನ ತೇಲುಟಂಟಂ ಹತ್ತಿ ಬರುತ್ತಾರೆ. ಅದು ನೆಲ ಮುಟ್ಟದ ಟಂಟಂ ಆಟೋ, ಆದರೂ ಹದಿನಾಲ್ಕು ಜನ ತುಂಬದೆ ಹೊರಡುವುದಿಲ್ಲ.

ಅವರೆಲ್ಲ ಬರುವುದು ಹಾಡಿನ ಪಾಳಿಗೆ. ಇದು ಜಿನ್ನಿನಲ್ಲಿ ದುಡಿಯುತ್ತಿದ್ದ ನಿಮ್ಮ ಕಾಲದ ಹೆಂಗಸರೇ ಬಿಟ್ಟುಹೋದ ಪದ್ಧತಿ. ಯಂತ್ರದ ಗದ್ದಲದಲ್ಲಿ ಪಕ್ಕದವಳಿಗೂ ಕೇಳದು ಎಂಬ ಧೈರ್ಯಕ್ಕೆ ಪ್ರತಿಯೊಬ್ಬಳೂ ತನ್ನದೇ ಪದವನ್ನು ಗಂಟಲು ಬಿಚ್ಚಿ ಹಾಡುತ್ತಿದ್ದಳು. ಅತ್ತೆಯ ಮೇಲೊಂದು, ಮೇಸ್ತ್ರಿಯ ಮೀಸೆಯ ಮೇಲೊಂದು. ಫಕ್ಕನೆ ಕರೆಂಟು ಹೋದಾಗ ಯಾರ ದನಿ ಬಯಲಾಯಿತೋ ಅವಳು ಆ ಹಾಡನ್ನು ಎಲ್ಲರೆದುರು ಪೂರ್ತಿ ಮುಗಿಸಲೇಬೇಕು. ನಾವೂ ಅದನ್ನೇ ಮಾಡುತ್ತೇವೆ. ಎಂಟು ಯಂತ್ರಗಳಿಗೆ ಎಣ್ಣೆ ಬಿಟ್ಟು ಓಡಿಸುತ್ತೇವೆ, ನೂರು ಜನ ನೂರು ಹಾಡು ಹಾಡುತ್ತಾರೆ, ಹೇಳದೆ ಕೇಳದೆ ಯಂತ್ರ ನಿಲ್ಲಿಸುತ್ತೇವೆ. ಮೊನ್ನೆ ಜಿಲ್ಲಾಧಿಕಾರಿ ಅಮ್ಮನವರೇ ಸಿಕ್ಕಿಬಿದ್ದರು. ಅವರ ಪದ ಗಂಡನ ಗೊರಕೆಯ ಕುರಿತಾಗಿತ್ತು. ಒಂಬತ್ತು ನುಡಿ! ಪತಿರಾಯರು ಎರಡನೆಯ ಸಾಲಿನಲ್ಲೇ ಕೂತಿದ್ದರು.

ಇದೆಲ್ಲ ಉಳಿದದ್ದು ಹೇಗೆ ಎಂಬುದು ನಮ್ಮ ಮಕ್ಕಳಿಗೆ ಪಾಠ. ಸೋಮವಾರದ ಆ ಸಭೆಯಲ್ಲಿ ನಗರಸಭೆಯ ಗುಮಾಸ್ತನೊಬ್ಬ ‘ಗೋಡೆಗಳು ಬಿರುಕು ಬಿಟ್ಟಿವೆ, ಕಟ್ಟಡ ಶಿಥಿಲ’ ಎಂದು ವರದಿ ಓದಿದ. ಜಿನ್ನಿನಲ್ಲಿ ಮೂವತ್ತೊಂದು ವರ್ಷ ದುಡಿದು, ಮುಚ್ಚಿದ ಮೇಲೂ ಅದನ್ನು ಕಾಯುತ್ತಿದ್ದ ಖಾಸಿಂಬಿ ಎದ್ದು ನಿಂತು ಅವನನ್ನು ಕೇಳಿದಳು.

“ತಮ್ಮಾ, ಗ್ವಾಡಿ ಬಿರುಕ ಬಿಟ್ಟಾವು ಅಂತ ಬರದೀಯಲ್ಲ, ಯಾವ ಗ್ವಾಡಿ? ಕೀಲಿಕೈ ನನ್ನ ಹಂತೇಕ ಐತಿ. ನೀ ಅದನ್ನ ಕೇಳಾಕ ಯಾವಾಗ ಬಂದಿದ್ದಿ?”

ಗುಮಾಸ್ತ ಅದೇ ವರದಿಯನ್ನು ಮತ್ತೆ ಮೊದಲಿಂದ ಓದಿದ ಎಂದು ಒಂದು ಪುಸ್ತಕ ಹೇಳುತ್ತದೆ. ನಿಜ ಒಪ್ಪಿಕೊಂಡ ಎಂದು ಇನ್ನೊಂದು. ನಾವು ಎರಡನೆಯದನ್ನು ನಂಬುತ್ತೇವೆ, ಏಕೆಂದರೆ

ಇಲ್ಲ, ಇನ್ನು ನನ್ನಿಂದಾಗದು. ಇದು ೨೨೧೯ ಅಲ್ಲ, ಈ ವಾರದ ಶುಕ್ರವಾರ. ಸಭೆ ಇನ್ನೂ ನಡೆದಿಲ್ಲ. ಖಾಸಿಂಬಿ ಆ ಮಾತು ಹೇಳಿದ್ದು ನಿನ್ನೆ ಮಧ್ಯಾಹ್ನ, ಗೇಟಿಗೆ ಅಂಟಿಸಿದ್ದ, ಆ ಬಿರುಕಿನ ವರದಿಯಿದ್ದ ನೋಟಿಸನ್ನು ಕೈಯಲ್ಲಿ ಹಿಡಿದು, ನನಗೆ. ಆ ಗುಮಾಸ್ತ ನಾನೇ, ಚನ್ನವೀರಪ್ಪ ಹೂಗಾರ. ಕಟ್ಟಡ ನೋಡಿ ಬಾ ಎಂದು ಸಾಹೇಬರು ಕಳಿಸಿದ ದಿನ ಗೇಟಿಗೆ ಕೀಲಿ ಹಾಕಿತ್ತು, ಬಿಸಿಲೂ ಜೋರಿತ್ತು. ಎದುರಿನ ಚಹಾದಂಗಡಿಯಲ್ಲಿ ಕೂತು, ಬೇರೆ ಯಾವುದೋ ಕಟ್ಟಡದ ಹಳೇ ವರದಿಯನ್ನು ಹೆಸರು ಬದಲಿಸಿ ನಕಲು ಮಾಡಿದೆ. ಜಿನ್ನಿನೊಳಗೆ ಕಾಲಿಟ್ಟದ್ದು ನಿನ್ನೆಯೇ ಮೊದಲು. ಗೋಡೆಗಳು ನನಗಿಂತ ನೆಟ್ಟಗಿವೆ. ಆಕೆ ಒಂದೊಂದೇ ಕೋಣೆ ತೋರಿಸಿ ಹೇಳುತ್ತ ಹೋದಂತೆ, ಮೇಲೆ ಬರೆದದ್ದೆಲ್ಲ ನನಗೆ ಕಂಡಿತು.

ಸೋಮವಾರ ಆ ವರದಿ ಓದಬೇಕಾದವನು ನಾನು. ಓದುವುದಿಲ್ಲ, ನಡೆದದ್ದನ್ನು ಹೇಳುತ್ತೇನೆ. ನೌಕರಿಯ ಗತಿ ಗೊತ್ತಿಲ್ಲ. ಹನ್ನೊಂದಕ್ಕೆ ದಯವಿಟ್ಟು ಬನ್ನಿ.