ಬೆಳಗಿನ ಕನ್ನಡಿ

ಹಮದಾನ್, ೯ ಬಹ್ಮನ್ ೧೩೮೫ (೨೯ ಜನವರಿ ೨೦೦೭)

ಇಸ್ಫಂದಿಯಾರ್ ಅವರಿಗೆ ಗೋಹರ್ ಮಾಡುವ ಸಲಾಂ.

ನಾನು ಆಸ್ಪತ್ರೆಗೆ ಬಂದರೆ ನೀವು ಗೋಡೆಯ ಕಡೆ ತಿರುಗಿ ನಿದ್ದೆ ನಟಿಸುತ್ತೀರಿ. ಅದಕ್ಕೇ ಬರೆಯುತ್ತಿದ್ದೇನೆ. ನಿಮ್ಮ ತಂಗಿ ಅಖ್ತರ್ ತಂದುಕೊಡುತ್ತಾಳೆ.

ಗಡಿಯಲ್ಲಿ ಶೆಲ್ಲಿನ ಚೂರು ನಿಮ್ಮ ಬೆನ್ನುಹುರಿ ಕತ್ತರಿಸಿ ಇಪ್ಪತ್ತೆರಡು ವರ್ಷ, ನಮ್ಮ ಮದುವೆಯಾಗಿ ಇಪ್ಪತ್ತು. ಸೊಂಟದ ಕೆಳಗೆ ನಿಮಗೆ ತಿಳಿಯದ್ದು ನನ್ನ ಕಣ್ಣಿಗೆ ತಿಳಿಯಬೇಕು. ದಿನಾ ಬೆಳಿಗ್ಗೆ ನಿಮ್ಮನ್ನು ಮಗುಚಿ, ಬೆನ್ನಿನಿಂದ ಹಿಮ್ಮಡಿಯವರೆಗೆ ನೋಡಿ, ಕನ್ನಡಿ ಹಿಡಿದು ನಿಮಗೂ ತೋರಿಸುತ್ತಿದ್ದೆ. ಎಲ್ಲಾದರೂ ಕೆಂಪು ಕಂಡರೆ ಅಂದು ಗಾಲಿಕುರ್ಚಿ ಇಲ್ಲ. ನಿಮ್ಮ ಜೊತೆ ಗಾಯಗೊಂಡ ಆರು ಮಂದಿಯಲ್ಲಿ ನಾಲ್ವರು ಹೋದದ್ದು ಯುದ್ಧದಲ್ಲಲ್ಲ, ಹಾಸಿಗೆ ಹುಣ್ಣಿನಿಂದ, ಮೂತ್ರದ ಸೋಂಕಿನಿಂದ.

ಎರಡು ವಾರದ ಹಿಂದಿನ ಹಿಮದ ಶುಕ್ರವಾರ ನೆಂಟರೆಲ್ಲ ರಜಾಯಿ ಹೊದಿಸಿದ ಕೊರ್ಸಿ ಮೇಜಿನ ಸುತ್ತ ಬೆಚ್ಚಗೆ ಕೂತು ದಾಳಿಂಬೆ ಬಿಡಿಸಿದೆವು. ಮರುದಿನವೇ ನೀವು ಕನ್ನಡಿ ಕಿತ್ತುಕೊಂಡು, "ಇನ್ಮೇಲೆ ನಾನೇ ನೋಡ್ಕೋತೀನಿ" ಅಂದಿರಿ. ನರ್ಸ್ ಪರ್ವಾನೆ ದಿನಾ ಬರತೊಡಗಿದಳು. ಮುಚ್ಚಿದ ಬಾಗಿಲಿಗೆ ಕಿವಿಯಿಟ್ಟೆ. "ಗೋಹರ್‌ಗೆ ಗೊತ್ತಾಗ್ಬಾರ್ದು" ಎಂದಷ್ಟೇ ಕೇಳಿಸಿತು.

ಅಖ್ತರಳಿಗೆ ಹೇಳಿಕೊಂಡರೆ, "ಈ ವಯಸ್ಸಲ್ಲಿ ಅನುಮಾನಾನಾ ಅತ್ತಿಗೆ? ಅಣ್ಣ ಅವಳ ಜೊತೆ ಓಡಿಹೋಗ್ಬೇಕಂದ್ರೂ ಕುರ್ಚಿ ತಳ್ಳೋಕೆ ನಿನ್ನನ್ನೇ ಕರೀಬೇಕು!" ಅಂದಳು. ನಕ್ಕೆ. ನಕ್ಕ ಮೇಲೂ ಪರ್ವಾನೆಯ ಚಪ್ಪಲಿ ಎಷ್ಟು ಹೊತ್ತು ಬಾಗಿಲಲ್ಲಿತ್ತೆಂದು ಗಡಿಯಾರ ನೋಡಿದೆ.

ಹನ್ನೊಂದನೆಯ ದಿನ ನಿಮಗೆ ಜ್ವರ ಏರಿ ನಡುಗಿದಾಗ ನಾನೇ ಹೊದಿಕೆ ಎಳೆದೆ. ಹಿಮ್ಮಡಿ ಕಪ್ಪಾಗಿತ್ತು. "ಚಹಾ ಚೆಲ್ತು" ಎಂದು ಡಾಕ್ಟರಿಗೆ ಹೇಳಿದಿರಿ. ಯಾವ ಚಹಾ? ನಿಮಗೆ ಚಹಾ ಕೊಡುವವಳು ನಾನು. ತಣಿಯದೆ ಯಾವತ್ತೂ ಕೊಟ್ಟಿಲ್ಲ. ಸುಟ್ಟದ್ದು ಹೇಗೆ? ಪರ್ವಾನೆ ಬಿಸಿನೀರಿನ ಚೀಲ ಇಟ್ಟಳೆ? ಅವಳನ್ನು ಕಾಪಾಡುತ್ತಿದ್ದೀರಾ? ನಂಜು ಮೂಳೆಗೆ ಇಳಿದರೆ ಕಾಲು, ರಕ್ತಕ್ಕೆ ಸೇರಿದರೆ ಜೀವ ಎನ್ನುತ್ತಾರೆ ಡಾಕ್ಟರು. ಈಗಲಾದರೂ ನಿಜ ಹೇಳಿ.

ಇಪ್ಪತ್ತು ವರ್ಷ ನಿಮ್ಮ ಬೆನ್ನು ನೋಡಿದವಳು,
ಗೋಹರ್

ಮರುದಿನ ಸೇರಿಸಿದ್ದು: ಬೆಳಿಗ್ಗೆ ಕೊರ್ಸಿಯ ರಜಾಯಿ ಎತ್ತಿ, ಮೇಜಿನಡಿಯ ಕೆಂಡದ ಅಗ್ಗಿಷ್ಟಿಕೆ ತೊಳೆಯಲು ತೆಗೆದೆ. ಅಂಚಿಗೆ ನಿಮ್ಮ ಉಣ್ಣೆಯ ಕಾಲುಚೀಲದ ಚೂರು ಕರಕಾಗಿ ಅಂಟಿತ್ತು. ಅವತ್ತು ಎಲ್ಲರ ಕಾಲೂ ರಜಾಯಿಯೊಳಗೆ, ನಿಮ್ಮವೆರಡೇ ಹೊರಗೆ. ನೋಡಲಾರದೆ ಒಳಗೆ ಸೇರಿಸಿದವಳು ನಾನು. ಮರೆತಿದ್ದೆ ಎಂದು ಬರೆಯಹೊರಟೆ. ಮರೆತಿರಲಿಲ್ಲ. ನೀವು ಕಾಪಾಡಿದ್ದು ಪರ್ವಾನೆಯನ್ನಲ್ಲ, ನನ್ನನ್ನು. ಬಿಸಿ ಚಹಾದ ಗಾಯ ಬೇರೆ, ಕೆಂಡದ ಗಾಯ ಬೇರೆ. ಡಾಕ್ಟರಿಗೆ ಈಗಷ್ಟೇ ಫೋನಿನಲ್ಲಿ ಹೇಳಿದೆ. ನಾಳೆ ಕನ್ನಡಿ ತರುತ್ತೇನೆ, ಈ ಕಡೆ ತಿರುಗಿ.