ವಾಲ್ಟರ್ ತಾತನ ಎಡೆ

ಅಪ್ಪಾ,

ನಿನ್ನ ತಾತ ಓಡಿಹೋಗಿರಲಿಲ್ಲ. ಮೊದಲು ಅದನ್ನು ಹೇಳಿಬಿಡುತ್ತೇನೆ, ಉಳಿದದ್ದು ಆಮೇಲೆ.

ಚಿನ್ನದ ಗಣಿಗೆ ಬಂದಿದ್ದ ಇಂಗ್ಲಿಷಿನವನು ನಿನ್ನ ಅಜ್ಜಿ ಮುನಿಯಮ್ಮನನ್ನು ಬಸುರಿ ಮಾಡಿ ಹಡಗು ಹತ್ತಿದನೆಂದು ತಾಯಲೂರಿನವರೆಲ್ಲ ಆಡಿಕೊಳ್ಳುತ್ತಿದ್ದರು. ನೀನು ತಲೆ ತಗ್ಗಿಸಿ ಕೇಳಿಸಿಕೊಳ್ಳುತ್ತಿದ್ದೆ. ನೀನು ಹೋದ ಮೇಲೆ ನಾನು ಹುಡುಕಲು ಶುರುಮಾಡಿದೆ. ಮೂರು ತಿಂಗಳ ಹಿಂದೆ ಗಣಿ ಊರಿನ ಹಳೆಯ ಚರ್ಚಿನ ರಿಜಿಸ್ಟರಿನಲ್ಲಿ ಇಬ್ಬರ ಮದುವೆಯ ದಾಖಲೆಯೂ ಅವನ ಸಾವಿನ ದಾಖಲೆಯೂ ಸಿಕ್ಕವು. ಮದುವೆಯಾದ ಏಳನೇ ತಿಂಗಳಿಗೆ ಅವನು ಜ್ವರದಲ್ಲಿ ತೀರಿಕೊಂಡಿದ್ದ. ನಿನ್ನ ಅಪ್ಪ ಆಗಿನ್ನೂ ಹೊಟ್ಟೆಯಲ್ಲಿದ್ದ. ಇಂಗ್ಲೆಂಡಿನ ಅವನ ಹಳ್ಳಿಗೂ ಬರೆದು ವಿಚಾರಿಸಿದೆ. ದೊರೆ ಗಿರೆ ಏನಲ್ಲ, ಕುರಿ ಕಾಯುವವನ ಮಗ. ಹೆಸರು ವಾಲ್ಟರ್. ಎದೆಯ ಮೇಲಿನ ಕಲ್ಲು ಇಳಿಸಿದಂತಾಯಿತು.

ಇವತ್ತು ಮಹಾಲಯ ಅಮಾವಾಸ್ಯೆ. ಹಿರಿಯರ ಎಡೆಯ ಸಾಲಿನಲ್ಲಿ ಅವನಿಗೂ ಒಂದು ಎಲೆ ಹಾಕಿದೆ. ಸತ್ತವರಿಗೆ ಇಷ್ಟವಾದದ್ದನ್ನು ಬಡಿಸಬೇಕಲ್ಲ, ಇವನಿಗೇನು ಬಡಿಸುವುದೆಂದು ನಿನ್ನ ತಂಗಿ ಶಾಮಲತ್ತೆಯನ್ನು ಕೇಳಿದೆ.

"ನಮ್ಮಜ್ಜಿ ಕೈಲಿ ಉಂಡೋನು ಕಣೇ, ಮುದ್ದೆನೇ ಇಕ್ಕು. ಅಯ್ಯೋ, ಎಷ್ಟು ಬೈದ್ವಿ ಆ ಮನುಷ್ಯನ್ನ!" ಎಂದು ಅತ್ತೆ ನಗುತ್ತಲೇ ಕಣ್ಣೊರೆಸಿಕೊಂಡಳು.

ನಾನೂ ನಕ್ಕು, ಮುದ್ದೆಗೆ ಹುರುಳಿ ಸಾರು ಬಿಟ್ಟೆ. ಪಕ್ಕದ ಎಲೆ ನಿನ್ನದು.

"ನಿಮ್ಮಪ್ಪಂಗೇನು ಮಾಡಿದ್ದೀಯೇ?"

ನಾನು ನಿನ್ನ ಎಲೆಗೂ ಮುದ್ದೆಯನ್ನೇ ಇಡಲು ಹೋದೆ. ಅತ್ತೆ ತನ್ನ ಚೀಲದಿಂದ ಡಬ್ಬಿ ತೆಗೆದು ನಿನ್ನ ಎಲೆಗೆ ಹುಚ್ಚೆಳ್ಳು ಚಟ್ನಿಪುಡಿ ಬಡಿಸಿದಳು. ನಿನಗೆ ಅದು ಇಷ್ಟವೆಂದು ನನಗೆ ತಿಳಿದದ್ದು ಇವತ್ತು.